ರೊಟ್ಟಿ ಮುಟ್ಟದ ದಿನ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೆನ್ನ ಹಿಂದೆ ಪಿಸುಗುಡುವುದು ಬೇಡ: ನಾನು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವಳು. ರಾಜ್ಯದ ಮಹಿಳಾ ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವ ಪಿಚರ್ ಆಗಿದ್ದೆ. ಒಂದು ವರ್ಷ ಅಮಾನತಾದೆ. ಇದನ್ನು ಹೇಳುವಾಗ ನಾನು ತಲೆ ತಗ್ಗಿಸಬೇಕೆಂದು ಕೆಲವರಿಗೆ ಆಸೆ. ನನಗೆ ತಗ್ಗಿಸಲು ಬರುವುದಿಲ್ಲ. ಅಪ್ಪನಿಂದ ಬಂದ ಗುಣ ಇರಬೇಕು. ಅವನು ಶಹಾಬಾದಿನ ಗಣಿಗಳಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊತ್ತು ಲಾರಿಗೆ ತುಂಬುವವನು, ಬೆನ್ನ ಮೇಲೆ ಕಲ್ಲಿದ್ದಾಗಲೂ ಎದುರಿನವರ ಮುಖ ನೋಡಿಯೇ ಮಾತಾಡುವವನು.

ನಮ್ಮೂರು ಚಿತ್ತಾಪುರಕ್ಕೂ ಶಹಾಬಾದಿಗೂ ನಡುವೆ. ಇಲ್ಲಿಗೆ ಬೇಸ್‌ಬಾಲ್ ಬಂದದ್ದು ಹೈಸ್ಕೂಲಿನ ಪಿ.ಟಿ. ಸರ್ ಅವರ ತಲೆಯಿಂದ. ಅವರಿಗೆ ಆ ಆಟದ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ಹುಡುಗಿಯರನ್ನೆಲ್ಲ ನಿಲ್ಲಿಸಿ, “ಕ್ರಿಕೆಟ್‌ನಾಗ ನಿಮಗ ಯಾರೂ ಕೇಳಂಗಿಲ್ಲ. ಈ ಆಟ ಆಡೋರು ಭಾಳ ಕಮ್ಮಿ ಅದಾರ. ಜಲ್ದಿ ಮ್ಯಾಲ ಹೋಗ್ತೀರಿ” ಎಂದರು. ಇಷ್ಟು ಪ್ರಾಮಾಣಿಕವಾದ ಕ್ರೀಡಾ ಭಾಷಣವನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ಎರಡು ಹಳೆಯ ಬ್ಯಾಟು, ನಾಲ್ಕು ಕೈಗವಸು, ಒಬ್ಬಳ ಮುಖಕ್ಕಾಗುವಷ್ಟು ಜಾಲರಿ ಟೋಪಿ. ಅಷ್ಟರಲ್ಲೇ ಶುರುವಾಯಿತು.

ಬ್ಯಾಟು ಹಿಡಿದವಳ ಮುಂದೆ ನೆಲದಲ್ಲಿ ಐದು ಮೂಲೆಯ ಹಲಗೆಯೊಂದು ಇರಬೇಕು, ಹೋಮ್ ಪ್ಲೇಟ್ ಅನ್ನುತ್ತಾರೆ. ಬೇರೆ ಊರುಗಳಲ್ಲಿ ರಬ್ಬರಿನದು. ನಮ್ಮದು ಫರಸಿಯದು. ಸರ್ ಬರೆದುಕೊಟ್ಟ ಅಳತೆ ಹಿಡಿದು ಅಪ್ಪ ಅದನ್ನು ಉಳಿಯಿಂದ ಕಡಿದು, ಅಂಚು ತಿಕ್ಕಿ ನುಣುಪು ಮಾಡಿ, ಯಾರ ಕಾಲಿಗೂ ತಾಗದಂತೆ ನೆಲದ ಸಮಕ್ಕೆ ಹೂಳಿಕೊಟ್ಟ. ಒಂದು ಸಲ ಸೇಡಂನಿಂದ ಆಡಲು ಬಂದ ತಂಡದವರು ಕಲ್ಲಿನ ಪ್ಲೇಟು ನೋಡಿ ನಕ್ಕರು. ಆ ದಿನ ಅವರ ಒಂಬತ್ತು ಜನರಲ್ಲಿ ಆರು ಜನ ನನ್ನ ಚೆಂಡಿಗೆ ಬ್ಯಾಟು ತಾಗಿಸಲಾರದೆ ಹೊರಗೆ ಹೋದರು. ಆಮೇಲೆ ನಗಲಿಲ್ಲ.

ಚಿಂಚೋಳಿಯಲ್ಲಿ ನಡೆದ ಆಯ್ಕೆಯಲ್ಲಿ ನನ್ನ ಹೆಸರು ಕರೆದರು. ಅಲ್ಲಿಂದ ವಿಭಾಗ, ವಿಭಾಗದಿಂದ ರಾಜ್ಯ. ರಾಜ್ಯದ ಜೆರ್ಸಿ ಹಾಕಿಕೊಂಡು ಊರ ಬಸ್‌ ಸ್ಟ್ಯಾಂಡಿನಲ್ಲಿ ಇಳಿದಾಗ ನನಗೆ ಇಪ್ಪತ್ತೊಂದು. ಬಸ್ಸಿನಿಂದ ಮನೆಗೆ ಐದು ನಿಮಿಷದ ದಾರಿ. ಅವತ್ತು ನಾನು ಬೇಕೆಂದೇ ದೊಡ್ಡ ಸುತ್ತು ಹಾಕಿ ಎಲ್ಲ ಓಣಿಗಳಲ್ಲೂ ನಡೆದೆ. ಮೆರೆದೆ ಎಂದರೂ ಸರಿಯೇ.

ಮೆರೆದದ್ದರಿಂದ ಒಂದು ಒಳ್ಳೆಯದಾಯಿತು. ಹುಡುಗಿಯರು ನಮ್ಮ ಮನೆಯ ಬಾಗಿಲಿಗೆ ಬರತೊಡಗಿದರು. ಊರಿನದೇ ಒಂದು ತಂಡ ಕಟ್ಟಬೇಕೆಂಬ ಹುಚ್ಚು ನನಗೆ ಹತ್ತಿತು. ಆದರೆ ಹುಡುಗಿಯರು ಬಂದರೆ ಸಾಕೇ? ತಾಯಂದಿರು ಒಪ್ಪಬೇಕಲ್ಲ. ಪ್ಯಾಂಟು ಹಾಕಿ ಓಡುವುದು, ಪರ ಊರಿಗೆ ಹೋಗಿ ಉಳಿಯುವುದು, ಇದೆಲ್ಲ ನಮ್ಮಲ್ಲಿ ಒಂದು ಮಾತಿಗೆ ಆಗುವ ಕೆಲಸವಲ್ಲ. ಮನೆಮನೆ ತಿರುಗಿದೆ. ಹಿಟ್ಟಿನ ಗಿರಣಿ ನಡೆಸುವ ಹೆಂಗಸೊಬ್ಬರಿದ್ದಾರೆ. ಊರಿನ ಅರ್ಧ ಜೋಳ ಅವರ ಗಿರಣಿಯಲ್ಲಿ ಹಿಟ್ಟಾಗುತ್ತದೆ, ಊರಿನ ಪೂರ್ತಿ ಸುದ್ದಿಯೂ ಅಲ್ಲೇ ಹಿಟ್ಟಾಗುತ್ತದೆ. ಅವರೊಬ್ಬರು ಒಪ್ಪಿದರೆ ಉಳಿದವರೂ ಒಪ್ಪುತ್ತಾರೆಂದು ಗೊತ್ತಿತ್ತು. ಮೂರು ಸಲ ಹೋದೆ. ಮೂರನೆಯ ಸಲ ಅವರು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು, “ನಿನ್ನ ಮುಖಾ ನೋಡಿ ನನ್ನ ಮಗಳಿಗಿ ಕಳಸ್ಲಿಕತ್ತೀನಿ. ಆಟದ ಮುಖಾ ನೋಡಿ ಅಲ್ಲ, ತಿಳೀತೇನು?” ಎಂದರು. ಆ ಮಗಳೇ ನಮ್ಮ ಕ್ಯಾಚರ್ ಆದಳು, ನಾನು ಎಸೆದ ಚೆಂಡನ್ನು ಪ್ಲೇಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಹಿಡಿಯುವವಳು. ಒಂದೇ ತಿಂಗಳಲ್ಲಿ ಹದಿನಾಲ್ಕು ಹುಡುಗಿಯರು ಮೈದಾನಕ್ಕೆ ಬಂದರು. ನನ್ನ ಜೀವನದಲ್ಲಿ ನಾನು ಕಟ್ಟಿದ್ದು ಅಂತ ಒಂದಿದ್ದರೆ ಅದು ಆ ಹದಿನಾಲ್ಕು ಜನ.

ಇನ್ನು ಗುಳಿಗೆಯ ವಿಷಯ.

ನಮ್ಮ ಕಡೆ ಫರಸಿ ಹೊರುವವರ ಅಂಗಿಯ ಜೇಬಿನಲ್ಲಿ ಹಳೆಯ ಪತ್ರಿಕೆಯ ತುಂಡೊಂದು ಮಡಚಿಕೊಂಡು ಇರುತ್ತದೆ. ಅದರಲ್ಲಿ ಮೂರು ಗುಳಿಗೆ: ಒಂದು ಬಿಳಿ, ಒಂದು ಹಳದಿ, ಮತ್ತೊಂದು ತೀರ ಚಿಕ್ಕದು. ಊರಿನ ಡಾಕ್ಟರು ಕಟ್ಟಿಕೊಡುವ ಪುಡಿಕೆ. ಡಾಕ್ಟರೆಂದರೆ ಓದಿ ಆದವರಲ್ಲ. ಎಂದೋ ಯಾರದೋ ದವಾಖಾನೆಯಲ್ಲಿ ಕೈಕೆಳಗೆ ಇದ್ದು ಸೂಜಿ ಹಾಕುವುದನ್ನು ಕಲಿತವರು. ಕರೆದರೆ ಬರುತ್ತಾರೆ, ಬೈದರೆ ಕೇಳಿಕೊಳ್ಳುತ್ತಾರೆ, ಹೀಗಾಗಿ ಎಲ್ಲರಿಗೂ ಬೇಕಾದವರು. ಗುಳಿಗೆಗೆ ಹೆಸರಿಲ್ಲ, ಚೀಟಿಯಿಲ್ಲ. ಅದನ್ನು ನಾವು ಔಷಧಿ ಎಂದು ಎಣಿಸುತ್ತಲೇ ಇರಲಿಲ್ಲ. ಔಷಧಿ ಎಂದರೆ ಜಡ್ಡು ಬಂದಾಗ ತೆಗೆದುಕೊಳ್ಳುವುದು. ಇದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಚಹಾದ ಜೊತೆ ನುಂಗುವುದು. ಅಪ್ಪ ಹೀಗೆ ನುಂಗುವುದನ್ನು ನಾನು ಹಾಲುಹಲ್ಲಿನ ಕಾಲದಿಂದ ನೋಡಿದವಳು.

ರಾಷ್ಟ್ರಮಟ್ಟದ ಪಂದ್ಯಕ್ಕೆ ಹೊರಟಾಗ ನನ್ನ ಬಲ ಭುಜ ಹಿಡಿದುಕೊಂಡಿತ್ತು. ವಾಡಿ ಜಂಕ್ಷನ್‌ಗೆ ಅಪ್ಪ ಕಳಿಸಲು ಬಂದಿದ್ದ. ರೈಲು ಬರುವ ಹೊತ್ತಿಗೆ ತನ್ನ ಜೇಬಿನಿಂದ ಎರಡು ಪುಡಿಕೆ ತೆಗೆದು ನನ್ನ ಕೈಯಲ್ಲಿಟ್ಟ. “ಆಟದ ದಿನ ಚಾದ ಜೋಡಿ ತಗೋ. ಹೆಗಲು ಹಗುರ ಆಗ್ತದ” ಎಂದ. ಅವತ್ತು ಅವನಿಗೂ ಕೆಲಸವಿತ್ತು; ತನ್ನ ಪಾಲಿನದನ್ನು ನನಗೆ ಕೊಟ್ಟು ಹೋದ. ಒಬ್ಬ ಅಪ್ಪ ಮಗಳಿಗೆ ಇದಕ್ಕಿಂತ ಹೆಚ್ಚೇನು ಕೊಡಲು ಸಾಧ್ಯ ಎಂದು ನಾನು ರೈಲಿನಲ್ಲಿ ಕಣ್ಣು ತುಂಬಿಕೊಂಡಿದ್ದೆ.

ಎರಡು ದಿನ ಎರಡು ಪುಡಿಕೆ. ಭುಜ ಹಗುರವಾಯಿತು. ಮೂರನೇ ಸ್ಥಾನದ ಪಂದ್ಯದಲ್ಲಿ ನಾನು ಎಸೆದದ್ದನ್ನು ಈಗಲೂ ನನ್ನ ಜೊತೆಯವರು ನೆನೆಯುತ್ತಾರೆ. ಗೆದ್ದೆವು. ಕಂಚು ಕೊರಳಿಗೆ ಬೀಳುವ ಮುಂಚೆಯೇ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹೆಂಗಸೊಬ್ಬರು ಬಂದು ಮೂತ್ರದ ಮಾದರಿ ಬೇಕೆಂದರು. ಅವರು ನೋಡುತ್ತಿರುವಾಗಲೇ ಕೊಡಬೇಕಂತೆ. ನಾಚಿಕೆಯಿಂದ ಸತ್ತು ಹೋಗುವಂತಾದರೂ ಕೊಟ್ಟೆ. ಆಮೇಲೆ ಒಂದು ಫಾರಂ. ಕಳೆದ ಏಳು ದಿನಗಳಲ್ಲಿ ಯಾವ ಔಷಧಿ ತೆಗೆದುಕೊಂಡಿದ್ದೀರಿ? ‘ಯಾವುದೂ ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ದೇವರಾಣೆಗೂ ಸುಳ್ಳು ಬರೆಯುತ್ತಿದ್ದೇನೆಂದು ಅನ್ನಿಸಲಿಲ್ಲ.

ಕೆಲವು ವಾರಗಳ ನಂತರ ಮೊಬೈಲಿಗೆ ಪತ್ರ ಬಂತು. ನನ್ನ ಮಾದರಿಯಲ್ಲಿ ನಿಷೇಧಿತ ವಸ್ತು ಸಿಕ್ಕಿದೆ, ಉತ್ತರ ಕೊಡುವವರೆಗೆ ಆಡುವಂತಿಲ್ಲ, ಆಡಿಸುವಂತಿಲ್ಲ. ವಸ್ತುವಿನ ಹೆಸರು ಒಂದು ಸಾಲಿನಷ್ಟು ಉದ್ದ. ನಾನು ಅದನ್ನು ನಾಲ್ಕು ಸಲ ಓದಿದೆ, ನಾಲ್ಕು ಸಲವೂ ಬೇರೆಯವರ ಪತ್ರ ನನಗೆ ಬಂದಿದೆ ಅನ್ನಿಸಿತು. ಸಿಟ್ಟು ನೆತ್ತಿಗೇರಿತು. ತಪ್ಪು ಮಾಡದವರಿಗೆ ಬರುವ ಸಿಟ್ಟು ಎಷ್ಟು ಸೊಗಸಾಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ನಾನು ಅದನ್ನು ಹತ್ತು ದಿನ ಪೂರ್ತಿ ಅನುಭವಿಸಿದೆ.

ಸುದ್ದಿ ಹೇಗೋ ಹೊರಬಿತ್ತು. ನಾನು ಚೆಂಡು ಎಸೆಯುತ್ತಿರುವ ಫೋಟೊದ ಕೆಳಗೆ ಕೆಂಪು ಅಕ್ಷರದಲ್ಲಿ ‘ಕಳಂಕ’ ಎಂದು ಬರೆದು ಎಲ್ಲರ ಮೊಬೈಲಿಗೂ ಹಂಚಿದರು. ಕುರಕುಂಟಾದಲ್ಲಿರುವ ನನ್ನ ಚಿಕ್ಕಮ್ಮ ಫೋನು ಮಾಡಿ, “ನೀ ನಶಾ ಮಾಡ್ತೀ ಅಂತಲ್ಲ ತಂಗಿ, ಖರೇ ಏನ?” ಎಂದಳು. ಊರಿನಲ್ಲೂ ಹಾಗೇ ಅರ್ಥವಾಗಿತ್ತು. ನಾನು ಗಾಂಜಾ ಸೇದುತ್ತೇನೆ ಎಂದು ಒಬ್ಬರು, ಆಟಕ್ಕೆ ಮುಂಚೆ ಕುಡಿಯುತ್ತೇನೆ ಎಂದು ಇನ್ನೊಬ್ಬರು. ಪರ ಊರಲ್ಲಿ ಹುಡುಗಿಯರಿಗೂ ಏನೇನೋ ಕುಡಿಸುತ್ತೇನೆ ಎಂಬಲ್ಲಿಗೆ ಅದು ಮುಟ್ಟಿತು.

ಗಿರಣಿಯಕ್ಕ ಅವತ್ತೇ ಮಗಳನ್ನು ನಿಲ್ಲಿಸಿದರು. ನನಗೆ ಮುಖ ಕೊಟ್ಟು ಮಾತಾಡಲೂ ಇಲ್ಲ. ಹದಿನಾಲ್ಕು ಇದ್ದದ್ದು ಆ ವಾರ ಐದಾಯಿತು, ಮುಂದಿನ ವಾರ ಇಬ್ಬರೇ. ಜಿಲ್ಲಾ ಪಂದ್ಯ ಎರಡು ತಿಂಗಳಿಗೆ ಬಂದಿತ್ತು. ಒಂಬತ್ತು ಜನ ಇಲ್ಲದಿದ್ದರೆ ತಂಡವೇ ಇಲ್ಲ. ನನ್ನ ಮೇಲಿನ ಆರೋಪಕ್ಕೆ ನಾನು ಹೇಗಾದರೂ ಹೆಗಲು ಕೊಡುತ್ತಿದ್ದೆ. ಆ ಖಾಲಿ ಮೈದಾನ ಮಾತ್ರ ನನ್ನ ಕೈಲಿ ನೋಡಲು ಆಗುತ್ತಿರಲಿಲ್ಲ.

ಆ ದಿನಗಳಲ್ಲಿ ನಾನು ಮೊಬೈಲಿನಲ್ಲಿ ಹುಡುಕಿ ಹುಡುಕಿ ಒಂದೇ ವಿಷಯ ನೋಡುತ್ತಿದ್ದೆ. ಅಮೆರಿಕದಲ್ಲಿ ಬೇಸ್‌ಬಾಲ್ ಆಡುವುದೇ ಕೆಲಸವಾಗಿರುವ ದೊಡ್ಡ ದೊಡ್ಡ ಆಟಗಾರರ ಮೇಲೂ ಇದೇ ಆರೋಪ ಬಂದಿತ್ತಂತೆ. ಸಾವಿರಾರು ಜನ ಕೂತ ಮೈದಾನದಲ್ಲಿ ಒಬ್ಬ ಆಟಗಾರ ಬ್ಯಾಟು ಹಿಡಿದು ಬರುವಾಗ ಜನರೆಲ್ಲ ಎದ್ದು ಕೂಗಿ ಛೀಮಾರಿ ಹಾಕುತ್ತಿದ್ದರು. ಕೆಲವರು ಇಲ್ಲ ಇಲ್ಲ ಎಂದು ವರ್ಷಗಟ್ಟಲೆ ವಾದಿಸಿ ಕೊನೆಗೆ ಹೌದೆಂದವರು. ಊಟದ ಹೊತ್ತಿಗೆ ಅದನ್ನು ಅಪ್ಪನಿಗೂ ತೋರಿಸಿದೆ. ಅವನು ತುತ್ತು ಕೈಯಲ್ಲೇ ಹಿಡಿದು ನೋಡಿದ.

“ಅವರಿಗೇನು ಬ್ಯಾನಿ ಇತ್ತಂತ?”

“ಬ್ಯಾನಿ ಏನಿಲ್ಲಪ್ಪ. ಇನ್ನೂ ದೂರ ಹೊಡೀಬೇಕಂತ ತಗೊಂಡಾರ.”

“ಹಂಗಾದರ ಅವರ್ದು ತಪ್ಪು. ಜನಾ ಬೈಯೋದೇ ಸರಿ” ಎಂದು ತೀರ್ಪು ಕೊಟ್ಟು ತುತ್ತು ಬಾಯಿಗಿಟ್ಟ. ನಾನೂ ಹೌದು ಹೌದೆಂದೆ. ಅಪ್ಪ ಮಗಳಿಬ್ಬರೂ ಅಮೆರಿಕದವರಿಗೆ ಚೆನ್ನಾಗಿ ಬೈದು ಊಟ ಮುಗಿಸಿದೆವು.

ಅಷ್ಟರಲ್ಲಿ ಊರಿನ ಕಡೆಯಿಂದ ಒಂದು ದಾರಿ ತೆರೆಯಿತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರ ಮೇಲಾದರೂ ಅಪವಾದ ಬಂದರೆ ಕಟ್ಟೆಗೆ ಕರೆದು ಆಣೆ ಮಾಡಿಸುತ್ತಾರೆ. ಊರಿನಲ್ಲಿ ಗುಡಿಯೂ ಇದೆ, ದರ್ಗಾವೂ ಇದೆ, ನಮ್ಮ ಓಣಿಯಲ್ಲಿ ಬುದ್ಧ ವಿಹಾರವಿದೆ. ಯಾವ ದೇವರ ಮೇಲೆ ಎಂಬ ತಕರಾರೇ ಬೇಡವೆಂದು ಹಿಂದಿನವರು ರೊಟ್ಟಿ ಮುಟ್ಟಿ ಹೇಳುವ ಪದ್ಧತಿ ಮಾಡಿದ್ದಾರೆ. ಬಿಸಿ ಜೋಳದ ರೊಟ್ಟಿಯ ಮೇಲೆ ಅಂಗೈ ಇಟ್ಟು ‘ನಾನು ಮಾಡಿಲ್ಲ’ ಎಂದರೆ ಮುಗಿಯಿತು. ಆಮೇಲೆ ಆ ಮಾತನ್ನು ಎತ್ತಿದವನೇ ಕೆಟ್ಟವನು. ರೊಟ್ಟಿ ಮುಟ್ಟಿ ಸುಳ್ಳು ಹೇಳಿದವರ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ.

ಈ ಮಾತನ್ನು ತಂದವರು ಗಿರಣಿಯಕ್ಕನೇ. ನಮ್ಮ ಬಾಗಿಲಲ್ಲಿ ನಿಂತು, ಒಳಗೆ ಬರದೆ, “ಐತವಾರ ಮುಂಜಾನಿ ಕಟ್ಟಿಗಿ ಬಾ. ನಾ ಏನೂ ತಗೊಂಡಿಲ್ಲ ಅಂತ ರೊಟ್ಟಿ ಮುಟ್ಟಿ ಹೇಳು. ಸೋಮವಾರದಿಂದ ನನ್ನ ಮಗಳು ಬರ್ತಾಳ, ಎಲ್ಲಾರೂ ಬರ್ತಾರ. ರೊಟ್ಟಿ ನಾನೇ ಮಾಡಿ ತರ್ತೀನಿ” ಎಂದರು. ಅವರ ದನಿಯಲ್ಲಿ ಆಸೆ ಇತ್ತು. ನನ್ನನ್ನು ನಂಬಲು ಅವರಿಗೆ ಒಂದು ನೆಪ ಬೇಕಾಗಿತ್ತು ಅಷ್ಟೇ.

ಅವ್ವ ಖುಷಿಯಿಂದ ಅತ್ತೇಬಿಟ್ಟಳು. ನಾನೂ ಹೂಂ ಎಂದೆ. ನನಗೇನು ಭಯ? ನಾನು ಏನೂ ತೆಗೆದುಕೊಂಡಿರಲಿಲ್ಲವಲ್ಲ.

ಆದರೆ ಪತ್ರಕ್ಕೆ ಉತ್ತರವನ್ನೂ ಬರೆಯಬೇಕಾಗಿತ್ತು. ಆ ಉದ್ದ ಹೆಸರು ಏನೆಂದು ತಿಳಿದರೆ ಜಾಡಿಸಿ ಬರೆಯಬಹುದೆಂದು ಶುಕ್ರವಾರ ಚಿತ್ತಾಪುರದ ಸರ್ಕಾರಿ ದವಾಖಾನೆಗೆ ಹೋದೆ. ಔಷಧಿ ಕೊಡುವ ಕಿಟಕಿಯಲ್ಲಿ ಕನ್ನಡಕ ಹಾಕಿದ ಒಬ್ಬರಿದ್ದರು. ಗದ್ದಲ ಕಡಿಮೆಯಾಗುವವರೆಗೆ ಕಾದು ಮೊಬೈಲು ತೋರಿಸಿದೆ. ಅವರು ಓದಿದರು, ನನ್ನ ಮುಖ ನೋಡಿದರು.

“ಇದು ಸ್ಟಿರಾಯ್ಡ್ ಅದ. ಬಾವು, ಬ್ಯಾನಿ ಇಳಿಸ್ತದ. ನಿಮ್ಮ ಮನ್ಯಾಗ ಯಾರರ ಕಲ್ಲಿನ ಕೆಲಸಕ್ಕ ಹೋಗ್ತಾರೇನ್ರಿ?”

“ಅಪ್ಪ ಹೋಗ್ತಾನ.”

“ಕಾಗದದಾಗ ಕಟ್ಟಿ ಮೂರು ಗುಳಿಗಿ ಕೊಡ್ತಾರ ನೋಡ್ರಿ, ಅದರಾಗ ಸಣ್ಣದು ಇರ್ತದಲ್ಲ, ಭಾಳ ಕಡೆ ಅದು ಇದೇ. ತಗೊಂಡಿರೇನು?”

ಹತ್ತು ದಿನ ಸಾಕಿ ಬೆಳೆಸಿದ ಸಿಟ್ಟು ಆ ಕಿಟಕಿಯ ಮುಂದೆ ನಿಂತಲ್ಲೇ ಇಳಿದು ಹೋಯಿತು. ಅವರು ಇನ್ನೂ ಹೇಳಿದರು: ವರ್ಷಗಟ್ಟಲೆ ನುಂಗಿದರೆ ಮುಖ ಊದುತ್ತದೆ, ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ಹಾಗೆಂದು ಒಮ್ಮೆಲೇ ಬಿಟ್ಟರೂ ಕಷ್ಟ, ಡಾಕ್ಟರನ್ನು ಕೇಳಿ ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕು. “ಅಪ್ಪಗ ಕರಕೊಂಡು ಬರ್ರಿ” ಎಂದು ನನ್ನ ಹಿಂದಿದ್ದವರ ಚೀಟಿಗೆ ಕೈ ಚಾಚಿದರು.

ಅಪ್ಪನಿಗೆ ಹೇಗೆ ಹೇಳುವುದು? ವಾಡಿ ಸ್ಟೇಷನ್ನಿನಲ್ಲಿ ಅವನು ಪ್ರೀತಿಯಿಂದ ಕೊಟ್ಟದ್ದೇ ನನ್ನನ್ನು ಕೆಡಿಸಿತು ಎಂದರೆ ಅವನ ಗತಿಯೇನು? ಬಸ್ಸಿನಲ್ಲಿ ಕೂತು ನಾನು ಎಷ್ಟು ಸಲ ಮಾತು ಜೋಡಿಸಿದೆನೋ. ಕೊನೆಗೆ ಹೇಳಿದ್ದು ಜೋಡಿಸದ ಮಾತನ್ನೇ. ಅವನು ಕೆಲಸದಿಂದ ಬಂದು ಕೈಕಾಲು ತೊಳೆದು ಕೂತಿದ್ದ. ಗೂಟದಲ್ಲಿದ್ದ ಅವನ ಅಂಗಿಯಿಂದ ಪುಡಿಕೆ ತೆಗೆದು, ಚಿಕ್ಕ ಗುಳಿಗೆಯನ್ನು ಅವನ ಮುಂದಿಟ್ಟು, “ಅಪ್ಪಾ, ಅದು ಇದೇ ಅಂತ” ಎಂದೆ.

ಅವನು ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ. ಅವ್ವ ಒಲೆ ಬಿಟ್ಟು ಬಂದವಳು, “ಯಾರಿಗೂ ಹೇಳಬ್ಯಾಡ. ಐತವಾರ ಸುಮ್ನ ರೊಟ್ಟಿ ಮುಟ್ಟು. ನೀ ತಿಳದು ತಗೊಂಡಿಲ್ಲ, ಹಂಗಾದರ ತಗೊಂಡಿಲ್ಲಂತೇ ಆಯ್ತು” ಎಂದಳು. ಅವಳ ಮಾತು ತಪ್ಪೆಂದು ನನಗೂ ಅನ್ನಿಸಲಿಲ್ಲ. ರೊಟ್ಟಿ ಮುಟ್ಟಿದರೆ ಹದಿನಾಲ್ಕು ಹುಡುಗಿಯರು ಸೋಮವಾರ ಮೈದಾನದಲ್ಲಿರುತ್ತಾರೆ. ನಿಜ ಹೇಳಿದರೆ ಹುಡುಗಿಯರೂ ಹೋದರು, ಊರಿನ ಡಾಕ್ಟರೂ ಹೋದರು, ನಾಳೆ ಬೆಳಿಗ್ಗೆ ಕಲ್ಲು ಹೊರುವವರೆಲ್ಲ ಬೇನೆ ಹಿಡಿದುಕೊಂಡು ನನಗೇ ಶಾಪ ಹಾಕುತ್ತಾರೆ.

ಅಪ್ಪ ಅವ್ವನ ಕಡೆ ನೋಡಲಿಲ್ಲ. “ನಿನ್ನ ಆಟ ನಿಂದು. ನೀ ಏನ ಹೇಳ್ತಿ ಹೇಳು. ನಾ ಬಾಜೂಕ ನಿಂದರ್ತೀನಿ” ಎಂದ. ಅಷ್ಟೇ.

ಭಾನುವಾರ ಬೆಳಿಗ್ಗೆ ಕಟ್ಟೆಯ ಸುತ್ತ ಜನ ನೆರೆದಿತ್ತು. ಪಿ.ಟಿ. ಸರ್ ಇದ್ದರು, ಹುಡುಗಿಯರ ತಾಯಂದಿರಿದ್ದರು, ಊರಿನ ಡಾಕ್ಟರೂ ಒಂದು ಮೂಲೆಯಲ್ಲಿ ಕೂತಿದ್ದರು. ಗಿರಣಿಯಕ್ಕ ಹಿತ್ತಾಳೆ ತಟ್ಟೆಯಲ್ಲಿ ರೊಟ್ಟಿ ತಂದಿದ್ದರು. ತೆಳ್ಳಗೆ, ದುಂಡಗೆ, ಒಂದು ಕಡೆಯೂ ಸೀಯದ ರೊಟ್ಟಿ. ನನಗಾಗಿ ಎಷ್ಟು ಮನಸಿಟ್ಟು ಬಡಿದಿದ್ದರೋ! ತಟ್ಟೆಯನ್ನು ನನ್ನ ಮುಂದಿಟ್ಟು, “ಹೇಳವ್ವ” ಎಂದರು.

ನಾನು ಕೈಯನ್ನು ಹಿಂದೆ ಕಟ್ಟಿಕೊಂಡೆ.

“ನಾ ರೊಟ್ಟಿ ಮುಟ್ಟಂಗಿಲ್ಲರಿ. ನಾ ತಗೊಂಡೀನಿ” ಎಂದೆ.

ಗದ್ದಲವೋ ಗದ್ದಲ. ಅದು ಇಳಿಯುವವರೆಗೆ ನಿಂತೆ. ನನಗೆ ದನಿ ದೊಡ್ಡದು, ಮೈದಾನದ ಆ ತುದಿಗೆ ಕೇಳುವಂಥದ್ದು. ಅವತ್ತು ಉಪಯೋಗಕ್ಕೆ ಬಂತು. ಪುಡಿಕೆ ಬಿಚ್ಚಿ ಚಿಕ್ಕ ಗುಳಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದೆ. “ನಶಾ ಅಲ್ಲ, ಗಾಂಜಾ ಅಲ್ಲ. ಇದು. ತಿಳೀದೆ ತಗೊಂಡೆ, ಆದರ ತಗೊಂಡಿದ್ದು ಖರೇ. ನೀವೂ ದಿನಾ ತಗೊಳ್ಳಾಕತ್ತೀರಿ. ನನಗಿ ಆಟ ಹೋಗ್ತದ. ನಿಮಗ ಎಲುಬು ಹೋಗ್ತಾವ. ದವಾಖಾನಿಗಿ ಹೋಗಿ ಕೇಳ್ರಿ.”

“ಅದು ಔಷಧಿ ಏನು? ಗುಳಿಗಿ ಅಲ್ಲೇನು!” ಎಂದು ಒಬ್ಬ ನಕ್ಕ. ಇನ್ನೊಬ್ಬ, ತನ್ನ ತಪ್ಪು ಮುಚ್ಚಿಕೊಳ್ಳಲು ಡಾಕ್ಟರ ಮೇಲೆ ಹಾಕುತ್ತಿದ್ದಾಳೆ ಎಂದು ಕೂಗಿದ. ಎಲ್ಲರೂ ಡಾಕ್ಟರ ಕಡೆ ತಿರುಗಿದರು. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಡಬ್ಬಿ ಹೆಂಗ ಬರ್ತದ ಹಂಗ ಕೊಡ್ತೀನ್ರಿ. ಬ್ಯಾನಿ ಕಮ್ಮಿ ಆಗ್ತದಂತ ನೀವೇ ಅಂತೀರಿ” ಎಂದರು. ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಆಗ ಅಪ್ಪ ಎದ್ದ. ನನ್ನ ಬಲಕ್ಕೆ ಬಂದು ನಿಂತ. ಅವನಿಗೆ ನಾಲ್ಕು ಜನರ ಮುಂದೆ ಮಾತಾಡಿ ಗೊತ್ತಿಲ್ಲ. “ಆ ಗುಳಿಗಿ ನಂದು. ನಾ ಕೊಟ್ಟಿದ್ದು. ಅಕಿ ಕೇಳಿರಲಿಲ್ಲ” ಎಂದ. ಸ್ವಲ್ಪ ತಡೆದು, “ನನ್ನ ಮಗಳು ಸುಳ್ಳು ಹೇಳಿದ್ದರ ನಿಮಗ ಯಾರಿಗೂ ಗೊತ್ತಾಗ್ತಿದ್ದಿಲ್ಲ” ಎಂದ. ಅವನ ಮುಖದ ಮೇಲಿದ್ದದ್ದು ನಾಚಿಕೆಯಲ್ಲ. ನಾನು ಕಂಚು ತಂದ ದಿನವೂ ಅವನನ್ನು ಹಾಗೆ ನೋಡಿರಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರೆಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಯಾರೂ ತಟ್ಟಲಿಲ್ಲ. ಗಿರಣಿಯಕ್ಕ ತಟ್ಟೆ ಎತ್ತಿಕೊಂಡು ಹೋದರು. ಸೋಮವಾರ ಮೈದಾನಕ್ಕೆ ಬಂದವರು ಅದೇ ಇಬ್ಬರು.

ನಾನು ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿದೆ, ಪುಡಿಕೆಯ ಫೋಟೊ ಸಮೇತ. ಒಂದು ವರ್ಷ ಅಮಾನತು, ಕಂಚು ವಾಪಸು ಎಂದು ಉತ್ತರ ಬಂತು. ಕಂಚನ್ನು ಅಂಚೆಗೆ ಹಾಕಲು ಅಪ್ಪನೇ ಬಂದ. ಅವನನ್ನು ಚಿತ್ತಾಪುರಕ್ಕೆ ಕರೆದೊಯ್ದೆ, ಅಲ್ಲಿನ ಡಾಕ್ಟರು ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಆ ವಾರಗಳಲ್ಲಿ ಅವನು ಗೋಡೆ ಹಿಡಿದು ಏಳುತ್ತಿದ್ದ, ಹೊರುವ ಕೆಲಸ ಬಿಟ್ಟು ಕಲ್ಲು ಅಳೆದು ಗುರುತು ಹಾಕುವ ಕೆಲಸಕ್ಕೆ ಸೇರಿಕೊಂಡ. ಒಂದು ದಿನವೂ ನನಗೆ ಏನೂ ಅನ್ನಲಿಲ್ಲ.

ಅಮಾನತಾದವಳು ಮೈದಾನದೊಳಗೆ ಕಾಲಿಡುವಂತಿಲ್ಲ. ನನಗೆ ಯಾರೂ ಕಾವಲಿರಲಿಲ್ಲ, ಸರ್ ಕೂಡ “ಬಾ, ಯಾರ್ ನೋಡ್ತಾರ” ಎಂದರು. ನಾನು ಹೋಗಲಿಲ್ಲ. ಶಾಲೆಯ ಗೋಡೆಯ ಹೊರಗೆ ಒಂದು ಒಡೆದ ಫರಸಿಯ ಮೇಲೆ ದಿನಾ ಬೆಳಿಗ್ಗೆ ಕೂತೆ. ಒಳಗೆ ಇಬ್ಬರು ಹುಡುಗಿಯರು ಒಬ್ಬರಿಗೊಬ್ಬರು ಚೆಂಡು ಎಸೆದುಕೊಳ್ಳುವುದನ್ನು ನೋಡಿದೆ. ದಾರಿಯಲ್ಲಿ ಹೋಗುವವರಿಗೆ ನನ್ನನ್ನು ನೋಡುವುದೊಂದು ಮೋಜಾಯಿತು. ನೋಡಲಿ ಎಂದು ನೆಟ್ಟಗೆ ಕೂತೆ.

ಮೂರು ವಾರವಾಗಿರಬೇಕು. ಎಂಟು ಗಂಟೆಯ ಬಿಸಿಲು. ಗಿರಣಿಯಕ್ಕ ಮಗಳ ರಟ್ಟೆ ಹಿಡಿದುಕೊಂಡು ದಾರಿಯಲ್ಲಿ ದಾಪುಗಾಲು ಹಾಕಿ ಬರುತ್ತಿದ್ದರು. ಜಗಳಕ್ಕೆಂದು ತಿಳಿದು ನಾನೂ ಎದ್ದು ನಿಂತೆ.

“ನಮ್ಮ ಅತ್ತಿಗಿ ಮುಖಾ ಬಾತದಂತ ವರ್ಷದಿಂದ ಗುಡಿ ಗುಡಿ ತಿರಗ್ಲಿಕತ್ತಿದ್ದೆ” ಎಂದರು ಏದುಸಿರಿನಲ್ಲಿ. “ನಿನ್ನೆ ದವಾಖಾನಿಗಿ ಒಯ್ದೆ. ಕಿಟಕಿಯಾಗಿನವರು ಅಕಿ ನುಂಗೋ ಪುಡಿಕಿ ನೋಡಿದರು. ನೀ ಹೇಳಿದ್ದೇ ಹೇಳಿದರು.”

ಗೆದ್ದೆನೆಂದು ಅನ್ನಿಸಿತು ಎಂದರೆ ಸುಳ್ಳಲ್ಲ. ಅವರು ಮಗಳನ್ನು ಮುಂದಕ್ಕೆ ನೂಕಿದರು. “ಇಕಿಗಿ ಕರಕೋ. ಹೋದವರ ಮನಿಗೂ ನಾನೇ ಹೋಗಿ ಹೇಳ್ತೀನಿ. ಇನ್ನ ಮ್ಯಾಲ ನೀ ಇಕಿಗಿ ಏನರ ತಿನ್ನಸು, ಏನರ ಕುಡಸು. ನಾ ಒಂದ್ ಮಾತು ಕೇಳಂಗಿಲ್ಲ.”

ಎಂಥ ಮಾತು! ಯಾವ ತಂಡದ ಯಾವ ಆಟಗಾರ್ತಿಗೆ ಯಾವ ತಾಯಿ ಇಂಥ ಮಾತು ಕೊಟ್ಟಾಳು? ಆದರೆ ವಾಡಿ ಸ್ಟೇಷನ್ನಿನಲ್ಲಿ ನಾನೂ ಒಂದು ಮಾತು ಕೇಳಿರಲಿಲ್ಲ.

“ಕೇಳಬೇಕ್ರಿ ಅಕ್ಕಾ” ಎಂದೆ. ದನಿ ಏರಿತು, ಸಿಟ್ಟಿನಂತೆಯೇ ಕೇಳಿಸಿರಬೇಕು. “ನಾ ಕೊಟ್ಟರೂ ಕೇಳ್ರಿ. ಸರ್ ಕೊಟ್ಟರೂ ಕೇಳ್ರಿ. ಏನು, ಎಲ್ಲಿಂದ, ಯಾಕ, ಎಲ್ಲಾ ಕೇಳ್ರಿ. ಹಂಗಿದ್ದರ ಕಳಸ್ರಿ.”

ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಬಗ್ಗಿ, ನನ್ನ ಕಾಲ ಬಳಿ ಇದ್ದ ನೀರಿನ ಬಾಟಲಿ ಎತ್ತಿ ನನ್ನ ಮೂಗಿನ ಮುಂದೆ ಹಿಡಿದರು.

“ಹಂಗಾದರ ಇದರಾಗೇನದ ಹೇಳು ಮೊದಲ.”

“ನೀರು, ನಿಂಬಿಹಣ್ಣು, ಚೂರು ಉಪ್ಪು, ಸಕ್ಕರಿ.”

ಅವರು ಮುಚ್ಚಳ ತೆಗೆದು ಮೂಸಿದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ರುಚಿ ನೋಡಿದರು. ನುಂಗಿದರು. ಮೂತ್ರದ ಮಾದರಿ ಕೊಟ್ಟ ದಿನವೂ ನಾನು ಅಷ್ಟು ಹೆದರಿರಲಿಲ್ಲ.

“ಉಪ್ಪು ಜರಾ ಜಾಸ್ತಿ ಅದ” ಎಂದು ಬಾಟಲಿಯನ್ನು ಮಗಳ ಕೈಗೆ ಕೊಟ್ಟರು.